ಓಡುವಾಗ ಹಿಡಿಯಬೇಕು, ಬೀಳುವಾಗ ಬಿಡಬೇಕು

ನನ್ನ ವಾಟರ್ ಸ್ಕೀಯ ಬೂಟಿನ ರಬ್ಬರು ಅಲ್ಯೂಮಿನಿಯಂ ಪಟ್ಟಿಯ ಅಡಿಗೆ ನುಸುಳುವ ಕಡೆ, ಎರಡನೇ ಸ್ಕ್ರೂ ಪಕ್ಕದಲ್ಲಿ, ಕೂದಲೆಳೆಯಷ್ಟು ಸಣ್ಣ ಬಿರುಕು. ಕಳೆದ ಜುಲೈನಲ್ಲೇ ಅದು ನನ್ನ ಕಣ್ಣಿಗೆ ಬಿದ್ದಿತ್ತು. ಈ ಬೇಸಿಗೆ ಹೇಗೋ ಕಳೆಯಲಿ, ಮುಂದಿನ ವರ್ಷ ನೋಡಿಕೊಳ್ಳೋಣ ಎಂದು ಸುಮ್ಮನಾಗಿದ್ದೆ. ಆಗಸ್ಟಿನ ಒಂದು ಬೆಳಿಗ್ಗೆ, ಗಾಳಿಯಿಲ್ಲದೆ ಕೆರೆ ಕನ್ನಡಿಯಂತೆ ಮಲಗಿದ್ದ ಹೊತ್ತಿನಲ್ಲಿ, ಎಡಕ್ಕೆ ವಾಲಿ ತಿರುಗುತ್ತಿದ್ದಾಗ ರಬ್ಬರು ಪರ್ರನೆ ಹರಿಯಿತು. ಮುಂಗಾಲು ಪಕ್ಕಕ್ಕೆ ಜಾರಿ ಹೊರಬಂತು. ಹಿಂಗಾಲಿನ ಬೆರಳುಗಳು ಮಾತ್ರ ಅವನ್ನು ಹಿಡಿಯುವ ಹಿಂದಿನ ಪಟ್ಟಿಯೊಳಗೇ ಸಿಕ್ಕಿಕೊಂಡವು. ಹಲಗೆ ತಿರುಚಿತು, ಜೊತೆಗೆ ಕಾಲೂ ತಿರುಚಿತು. ಮೂಳೆ ಮುರಿಯಲಿಲ್ಲ, ಉಳುಕಿತು ಅಷ್ಟೆ. ಆದರೂ ಆರು ವಾರ ಕುಂಟಿದೆ. ಮಿನ್ನೆಸೋಟಾದ ಪುಟ್ಟ ಬೇಸಿಗೆಯಲ್ಲಿ ಆರು ವಾರ ಎಂದರೆ ಅರ್ಧ ಸೀಸನ್.

ಅಂದಿನಿಂದ ಇಡೀ ಚಳಿಗಾಲ ನಾನು ಯೋಚಿಸಿದ್ದು ಒಂದೇ ವಿಷಯ: ಹೊಸ ಬೈಂಡಿಂಗ್, ಅಂದರೆ ಪಾದವನ್ನು ಹಲಗೆಗೆ ಹಿಡಿಸುವ ಬೂಟು, ಯಾವುದು? ವಾಟರ್ ಸ್ಕೀ ಕೊಳ್ಳುವವರು ಹಲಗೆಯ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಕಾರ್ಬನ್ನೇ, ಉದ್ದ ಎಷ್ಟು, ಬಾಲದ ರೆಕ್ಕೆ ಹೇಗಿದೆ ಎಂದು ವಿಚಾರಿಸುತ್ತಾರೆ. ಪಾದ ಹಿಡಿಯುವ ಬೂಟನ್ನು ಮಾತ್ರ ಹಲಗೆಯ ಜೊತೆ ಬಂದದ್ದೇ ಸಾಕು ಎಂದುಕೊಳ್ಳುತ್ತಾರೆ. ನೀರಿನ ಮೇಲೆ ನಿಮ್ಮ ದೇಹಕ್ಕೂ ಹಲಗೆಗೂ ಇರುವ ಸಂಬಂಧ ಆ ಬೂಟೊಂದೇ.

ಈ ಆಟ ಹುಟ್ಟಿದ್ದೂ ಇದೇ ನಾಡಿನಲ್ಲಿ. ಮಿಸಿಸಿಪ್ಪಿ ನದಿ ಅಗಲವಾಗಿ ಹರಡಿ ಪೆಪಿನ್ ಸರೋವರವಾಗುವ ಕಡೆ ಲೇಕ್ ಸಿಟಿ ಎಂಬ ಸಣ್ಣ ಊರಿದೆ. 1922ರ ಬೇಸಿಗೆಯಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹದಿನೆಂಟರ ಹುಡುಗ, ಹಿಮದ ಮೇಲೆ ಜಾರುವವರು ನೀರಿನ ಮೇಲೇಕೆ ಜಾರಬಾರದು ಎಂದು ಹಟ ಹಿಡಿದ. ಪೀಪಾಯಿಯ ಹಲಗೆ ಕಟ್ಟಿ ನೋಡಿದ, ಮುಳುಗಿದ. ಹಿಮದ ಸ್ಕೀ ಕಟ್ಟಿದ, ಅದೂ ಮುಳುಗಿತು. ಕೊನೆಗೆ ಎಂಟಡಿ ಉದ್ದದ ಪೈನ್ ಹಲಗೆಗಳ ತುದಿಯನ್ನು ಕುದಿನೀರಿನಲ್ಲಿ ಬೇಯಿಸಿ ಮೇಲಕ್ಕೆ ಬಾಗಿಸಿದ. ಅಣ್ಣ ಬೆನ್ ದೋಣಿ ಓಡಿಸಿದ. ತುದಿ ಮೇಲೆತ್ತಿ ಹಿಂದಕ್ಕೆ ವಾಲಿದರೆ ನಿಲ್ಲಬಹುದು ಎಂಬುದು ಜುಲೈ 2ರಂದು, ಅವನ ಹತ್ತೊಂಬತ್ತನೇ ಹುಟ್ಟುಹಬ್ಬದ ಹಿಂದಿನ ದಿನ, ಗೊತ್ತಾಯಿತು. ಆ ಹಲಗೆಗಳಿಗೆ ಪಾದ ಹಿಡಿಯಲು ಇದ್ದದ್ದು ಚರ್ಮದ ಪಟ್ಟಿ. ನೂರು ವರ್ಷ ಕಳೆದರೂ ಅಗ್ಗದ ಸ್ಲಾಲಂ ಹಲಗೆಗಳ ಹಿಂಬದಿಯಲ್ಲಿ ಅದೇ ಪಟ್ಟಿ ಬೇರೆ ವೇಷದಲ್ಲಿ ಉಳಿದಿದೆ. ಅದಕ್ಕೆ ಟೋ ಪ್ಲೇಟ್ ಎನ್ನುತ್ತಾರೆ.

ಸ್ಲಾಲಂ ಎಂದರೆ ಒಂದೇ ಹಲಗೆ, ಅದರ ಮೇಲೆ ಒಂದರ ಹಿಂದೊಂದು ಎರಡು ಪಾದ. ಸ್ಪರ್ಧೆಯ ಕೋರ್ಸ್ 259 ಮೀಟರ್ ಉದ್ದ. ಬೂಯಿ ಎಂದು ಕರೆಯುವ ಆರು ತೇಲುಗುಂಡುಗಳು ನಡುಗೆರೆಯಿಂದ 11.5 ಮೀಟರ್ ದೂರದಲ್ಲಿ ಅತ್ತ ಮೂರು, ಇತ್ತ ಮೂರು ತೇಲುತ್ತಿರುತ್ತವೆ. ಗಂಟೆಗೆ 58 ಕಿಲೋಮೀಟರ್ ವೇಗದಲ್ಲಿ ದೋಣಿ ನೇರವಾಗಿ ಹೋದರೆ ಹದಿನಾರು ಸೆಕೆಂಡಿನಲ್ಲಿ ಕೋರ್ಸ್ ಮುಗಿದೇ ಹೋಗುತ್ತದೆ. ಅಷ್ಟರೊಳಗೆ ಹಿಂದಿರುವವನು ಆರೂ ಗುಂಡುಗಳನ್ನು ಹೊರಗಿನಿಂದ ಸುತ್ತಬೇಕು. ಸುತ್ತಿದರೆ ಮುಂದಿನ ಸುತ್ತಿಗೆ ಹಗ್ಗ ಗಿಡ್ಡ ಮಾಡುತ್ತಾರೆ: 18.25 ಮೀಟರಿನಿಂದ 16, 14.25, 13, 12, 11.25 ಹೀಗೆ. ಕೊನೆಯ ಸಂಖ್ಯೆ ಗಮನಿಸಿ. ನಡುಗೆರೆಯಿಂದ ಗುಂಡಿಗಿರುವ ದೂರಕ್ಕಿಂತ ಹಗ್ಗ ಗಿಡ್ಡ. ಉಳಿದ ದೂರವನ್ನು ಚಾಚಿದ ತೋಳು, ಮಲಗಿದ ಮೈ ತುಂಬಬೇಕು. 2013ರಲ್ಲಿ ಅಮೆರಿಕದ ನೇಟ್ ಸ್ಮಿತ್ 9.75 ಮೀಟರ್ ಹಗ್ಗದಲ್ಲಿ ಎರಡೂವರೆ ಗುಂಡು ಸುತ್ತಿ ವಿಶ್ವದಾಖಲೆ ಮಾಡಿದರು. ಅಷ್ಟು ವಾಲಿದ ದೇಹದ ಮಾತು ಹಲಗೆಗೆ ತಲುಪುವುದು ಮುಂಗಾಲಿನ ಕೀಲಿನ ಮೂಲಕ. ಮೊಣಕಾಲು ಮುಂದೆ ಬಾಗಿ ಪಾದದ ಕೀಲು ಮಡಿದರೆ ಹಲಗೆಯ ಮೂತಿ ನೀರು ಕಚ್ಚುತ್ತದೆ, ತಿರುವು ಸಿಗುತ್ತದೆ. ಒಳಗೆ ಹಿಮ್ಮಡಿ ಅರ್ಧ ಇಂಚು ಎದ್ದರೂ ಆ ಮಾತು ತಡವಾಗುತ್ತದೆ.

ಇನ್ನು ಆಯ್ಕೆ. ಸ್ಥೂಲವಾಗಿ ಎರಡು ಕುಲ. ಒಂದು ರಬ್ಬರ್ ಮತ್ತು ನಿಯೋಪ್ರೀನ್‌ನ ಮೆದು ಬೂಟು. ಲೇಸ್ ಎಳೆದು ಬಿಗಿಯುವಂಥದ್ದು. ಇನ್ನೊಂದು ಹಾರ್ಡ್‌ಶೆಲ್, ಗಟ್ಟಿ ಹೊರಕವಚ, ಒಳಗೆ ಬಿಸಿ ಮಾಡಿ ಪಾದದ ಅಚ್ಚಿಗೆ ಕೂರಿಸುವ ನೊರೆಯ ಲೈನರ್. ಮೆದು ಬೂಟು ಕ್ಷಮಿಸುತ್ತದೆ. ಪಾದ ಸ್ವಲ್ಪ ಅಲುಗಲು ಬಿಡುತ್ತದೆ, ಬಿದ್ದಾಗ ಹಿಗ್ಗಿ ಪಾದವನ್ನು ಹೊರಹಾಕುತ್ತದೆ. ಮನೆಯಲ್ಲಿ ಮೂವರು ಒಂದೇ ಹಲಗೆ ಹಂಚಿಕೊಳ್ಳುವುದಾದರೆ ಬೇರೆ ದಾರಿಯೂ ಇಲ್ಲ. ಹಾರ್ಡ್‌ಶೆಲ್ ಕರಾರುವಾಕ್ಕು. ಬೆರಳು ಒತ್ತಿದ್ದು ಆ ಕ್ಷಣಕ್ಕೇ ಹಲಗೆಗೆ ಗೊತ್ತಾಗುತ್ತದೆ. ಬೆಲೆಯೂ ಹಾಗೇ ಇದೆ. ಹತ್ತು ವರ್ಷದ ಹಳೆಯ ಹಲಗೆಗೆ ಜೋಡಿ ಹಾರ್ಡ್‌ಶೆಲ್ ಹಾಕಲು ಹೊರಟರೆ ಮೂಗಿಗಿಂತ ಮೂಗುತಿಯೇ ಭಾರ.

ನನಗೆ ಮುಖ್ಯವಾದ ಪ್ರಶ್ನೆ ಹಿಡಿತದ್ದಲ್ಲ, ಬಿಡುಗಡೆಯದು. ಹಾರ್ಡ್‌ಶೆಲ್ ಪಾದವನ್ನು ಬಿಡುವುದಿಲ್ಲ. ಹಾಗಾಗಿ ಕವಚವೇ ಪಾದದ ಸಮೇತ ಹಲಗೆಯಿಂದ ಕಳಚಿಕೊಳ್ಳಬೇಕು. ಕೆಲವದರಲ್ಲಿ ಹಿಮ್ಮಡಿಯ ಹಿಂದೆ ಸ್ಪ್ರಿಂಗ್ ಕೊಂಡಿ ಇರುತ್ತದೆ. ಕೆಲವರು ಎರಡೂ ಬೂಟುಗಳನ್ನು ಒಂದೇ ತಟ್ಟೆಗೆ ಬಿಗಿದು, ಆ ತಟ್ಟೆಯನ್ನು ಅಣಬೆಯಾಕಾರದ ಪುಟ್ಟ ಹಲ್ಲುಗಳಿರುವ ಡ್ಯುಯಲ್ ಲಾಕ್ ಪಟ್ಟಿಯಿಂದ ಹಲಗೆಗೆ ಅಂಟಿಸುತ್ತಾರೆ. ಜೋರಾಗಿ ಬಿದ್ದರೆ ಎಲ್ಲ ಒಟ್ಟಿಗೇ ಕಿತ್ತುಬರುತ್ತದೆ. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಹಿಮದ ಸ್ಕೀ ಅಂಗಡಿಗೆ ಹೋದರೆ ನಿಮ್ಮ ತೂಕ, ಎತ್ತರ, ವಯಸ್ಸು, ಅನುಭವ ಕೇಳಿ, ಕೋಷ್ಟಕ ನೋಡಿ, ಬಿಡುಗಡೆಯ ಬಿಗಿತ ಹೊಂದಿಸಿ ಕೊಡುತ್ತಾರೆ. ನೀರಿನ ಸ್ಕೀಗೆ ಎಲ್ಲರೂ ಒಪ್ಪಿದ ಅಂಥ ಕೋಷ್ಟಕ ಇಲ್ಲ. ಸ್ಪ್ರಿಂಗ್ ಎಷ್ಟು ತಿರುಗಿಸಬೇಕು, ಪಟ್ಟಿ ಎಷ್ಟು ಉದ್ದ ಅಂಟಿಸಬೇಕು ಎಂಬುದನ್ನು ತಯಾರಕರ ಕೈಪಿಡಿ ಓದಿ ನೀವೇ ನಿರ್ಧರಿಸಬೇಕು, ದಡದಲ್ಲಿ ಹಲಗೆ ಹಿಡಿದು ನೀವೇ ಕಳಚಿ ನೋಡಬೇಕು. ಅಷ್ಟು ತಾಳ್ಮೆ ಇಲ್ಲದವರು ಹಾರ್ಡ್‌ಶೆಲ್ ಸಹವಾಸಕ್ಕೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು, ಎರಡೂ ಪಾದಗಳಿಗೆ ಒಂದೇ ನ್ಯಾಯ ಇರಬೇಕು. ಬಿದ್ದಾಗ ಎರಡೂ ಹೊರಬರಲಿ, ಇಲ್ಲವೇ ಎರಡೂ ಒಳಗೇ ಉಳಿಯಲಿ. ಒಂದು ಬಂದು ಒಂದು ಉಳಿದರೆ ಐದೂವರೆ ಅಡಿ ಉದ್ದದ ಹಲಗೆ ಸನ್ನೆಕೋಲಾಗಿ ಉಳಿದ ಕಾಲನ್ನು ತಿರುಚುತ್ತದೆ. ನನಗಾದದ್ದು ಅದೇ. ಹಾಗೆಂದು ಟೋ ಪ್ಲೇಟನ್ನು ನಾನು ದೂರುವುದಿಲ್ಲ. ಆಳದ ನೀರಿನಿಂದ ಏಳುವಾಗ ಹಿಂಗಾಲಿಗೆ ಅದು ಕೊಡುವ ಸ್ವಾತಂತ್ರ್ಯವನ್ನು ಯಾವ ಬೂಟೂ ಕೊಡುವುದಿಲ್ಲ. ಆದರೆ ಮುಂದೆ ಮೆದು ಬೂಟು ಇದ್ದಾಗ ಹಿಂದಿನ ಪಟ್ಟಿಯೂ ಸಡಿಲವಿರಬೇಕು. ನಾನು ಅದನ್ನು ಬೆರಳು ಮರಗಟ್ಟುವಷ್ಟು ಬಿಗಿದಿದ್ದೆ.

ಅಳತೆಯನ್ನು ಕೂತು ನೋಡಿದರೆ ಸಾಲದು. ಬರಿಗಾಲನ್ನು ಸಾಬೂನು ನೀರಿನಲ್ಲಿ ಅದ್ದಿ ಬೂಟಿಗೆ ತೂರಿಸಿ. ಬೆರಳ ತುದಿ ಮುಂದೆ ಸೋಕಬೇಕು, ಮಡಿಯಬಾರದು. ಇನ್ನೊಬ್ಬರಿಗೆ ಹಲಗೆ ಒತ್ತಿ ಹಿಡಿಯಲು ಹೇಳಿ ಹಿಮ್ಮಡಿ ಎತ್ತಿ ನೋಡಿ. ಏಳುವಂತಿದ್ದರೆ ಆ ಅಳತೆ ನಿಮ್ಮದಲ್ಲ. ಮೊಣಕಾಲು ಬಾಗಿಸಿ ಹತ್ತು ನಿಮಿಷ ನಿಲ್ಲಿ. ಹೊಸ ಚಪ್ಪಲಿ ಒಂದು ವಾರ ಕಚ್ಚಿ ಆಮೇಲೆ ಸರಿಹೋಗುತ್ತದೆ ಎಂಬ ನಮ್ಮ ಹಳೆಯ ನಂಬಿಕೆ ಇಲ್ಲಿ ನಡೆಯದು. ರಬ್ಬರು ಸ್ವಲ್ಪ ಹಿಗ್ಗೀತು, ಗಟ್ಟಿ ಕವಚ ಹಿಗ್ಗುವುದಿಲ್ಲ. ಮೇಲಿನ ಲೇಸನ್ನು ಕೆಳಗಿನದಕ್ಕಿಂತ ಸಡಿಲ ಬಿಡಿ, ಕೀಲು ಮಡಿಯಲು ಜಾಗ ಬೇಕು. ಎಡಗಾಲು ಮುಂದೋ ಬಲಗಾಲು ಮುಂದೋ ಎಂಬುದನ್ನೂ ಹೇಳಿಯೇ ಬೂಟು ತರಿಸಿ.

ಹಳೆಯದನ್ನು ಬಿಚ್ಚುವ ದಿನ ಆತುರ ಬೇಡ. ನಾನು ಗ್ಯಾರೇಜಿನಲ್ಲಿ ಹಲಗೆಯನ್ನು ಎರಡು ದಿಂಬುಗಳ ಮೇಲೆ ಮಲಗಿಸಿ, ಬಾಲದ ತುದಿಯಿಂದ ಮುಂದಿನ ಬೂಟಿನ ಹಿಮ್ಮಡಿಯವರೆಗೆ ಟೇಪು ಹಿಡಿದೆ: 29 ಮುಕ್ಕಾಲು ಇಂಚು. ಅದನ್ನು ಪೆನ್ಸಿಲಿನಲ್ಲಿ ಹಲಗೆಯ ಮೇಲೇ ಬರೆದೆ. ಆಮೇಲೆ ಸ್ಕ್ರೂಗೆ ಕೈ ಹಾಕಿದೆ. ಹೊಸ ತಟ್ಟೆಯನ್ನು ಅವೇ ತೂತುಗಳಿಗೆ ಕೂರಿಸಿ ಮತ್ತೆ ಅಳೆದರೆ 30 ಕಾಲು. ತೂತು ಅದೇ, ಹಿಮ್ಮಡಿ ಮಾತ್ರ ಅರ್ಧ ಇಂಚು ಮುಂದೆ! ಹೊಸ ಬೂಟಿನ ಹಿಂಬದಿಯ ದಪ್ಪವೇ ಬೇರೆ. ಪಾದ ಅಷ್ಟು ಮುಂದೆ ಹೋದರೆ ಮೂತಿ ಹೆಚ್ಚು ಅದ್ದುತ್ತದೆ, ಹಿಂದೆ ಸರಿದರೆ ಹಲಗೆ ಜೋರಾಗಿ ಓಡುತ್ತದೆ ಆದರೆ ತಿರುವು ಮುಗಿಸುವುದಿಲ್ಲ. ಹೊಸ ಬೂಟು ಸರಿಯಿಲ್ಲ ಎಂದು ಗೊಣಗುವ ಎಷ್ಟೋ ಜನ ಅಳೆದಿರುವುದು ತೂತನ್ನು, ಹಿಮ್ಮಡಿಯನ್ನಲ್ಲ.

ಸ್ಕ್ರೂ ವಿಷಯ ಚಿಕ್ಕದು, ಪೆಟ್ಟು ದೊಡ್ಡದು. ಹೊಸ ತಟ್ಟೆ ತೆಳ್ಳಗಿದ್ದು ಹಳೆಯ ಸ್ಕ್ರೂ ಉದ್ದವಾದರೆ ಅದು ಹಲಗೆಯ ತಳವನ್ನೇ ಒತ್ತಿ ಒಡೆಯಬಹುದು. ಕೈಯಿಂದ ತಿರುಗಿಸಿ, ಡ್ರಿಲ್ ಯಂತ್ರ ಬೇಡವೇ ಬೇಡ. ತೂತಿನೊಳಗಿನ ಸ್ಕ್ರೂ ಮರೆ ಸವೆದರೆ ರಿಪೇರಿ ಕಷ್ಟ. ಮೊದಲ ಓಟದ ನಂತರ ಮತ್ತೊಮ್ಮೆ ಎಲ್ಲವನ್ನೂ ಬಿಗಿಯಿರಿ.

ಕೊನೆಗೆ ನಾನು ಆರಿಸಿದ್ದು ಮುಂದೆ ಲೇಸಿನ ಮೆದು ಬೂಟು, ಹಿಂದೆ ಸಡಿಲ ಮಾಡಬಲ್ಲ ಟೋ ಪ್ಲೇಟ್. ಕೋರ್ಸಿನಲ್ಲಿ ಗುಂಡು ಎಣಿಸುವವನಾಗಿದ್ದರೆ ಬೇರೆಯದನ್ನು ಕೊಳ್ಳುತ್ತಿದ್ದೆನೇನೋ. ವಾರಾಂತ್ಯಕ್ಕೆ ಎರಡು ಸುತ್ತು ಹೊಡೆಯುವ ನನಗೆ ಇದು ಸಾಕು.

ನಿಮ್ಮದೋ, ನಿಮ್ಮ ಸ್ನೇಹಿತರದೋ ಹಲಗೆ ಗ್ಯಾರೇಜಿನ ಮೂಲೆಯಲ್ಲಿ ಒರಗಿದ್ದರೆ ಈ ಭಾನುವಾರ ಅದನ್ನು ಬೆಳಕಿಗೆ ತನ್ನಿ. ಬೂಟಿನ ರಬ್ಬರನ್ನು ಹೆಬ್ಬೆರಳಿನಿಂದ ಮಡಿಸಿ, ಲೋಹದ ಪಟ್ಟಿಯ ಅಂಚಿನಲ್ಲಿ, ಪ್ರತಿ ಸ್ಕ್ರೂ ಪಕ್ಕದಲ್ಲಿ ನೋಡಿ. ಬಿರುಕು ಕಂಡರೆ ದಯವಿಟ್ಟು ಆ ಬೂಟಿನಲ್ಲಿ ನೀರಿಗೆ ಇಳಿಯಬೇಡಿ.