ನಿಮಗಿದು ಗೊತ್ತೇ? ಹೇಮಾವತಿ ನೀರಿಗೆ ಪಾಲುದಾರರು ಎಷ್ಟು ಮಂದಿ

◆ ಸಕಲೇಶಪುರದಿಂದ ಬಿಸಿಲೆ ಘಾಟಿಗೆ ಹೋಗುವ ದಾರಿಯಲ್ಲಿ, ಮಂಕನಹಳ್ಳಿ ಬಳಿ, ಬ್ರಿಟಿಷರ ಕಾಲದ ಒಂದು ಕಲ್ಲಿದೆ. ಅದರ ಮೇಲೆ ಒಂದು ಕಡೆಗೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆಗೆ ಅರಬ್ಬಿ ಸಮುದ್ರ ಎಂದು ಕೆತ್ತಿದ್ದಾರೆ. ಕಲ್ಲಿನ ನೆತ್ತಿಗೆ ಬಿದ್ದ ಮಳೆ ಪೂರ್ವಕ್ಕೆ ಜಾರಿದರೆ ಕಾವೇರಿ ಪಾಲು, ಪಶ್ಚಿಮಕ್ಕೆ ಜಾರಿದರೆ ನೇತ್ರಾವತಿ ಪಾಲು. ಬೈಕಿನಲ್ಲಿ ಬಂದವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನೀರಿನ ಹಂಚಿಕೆಯ ಮೊದಲ ತೀರ್ಪು ಅಲ್ಲೇ ಆಗಿರುತ್ತದೆ, ವಕೀಲರ ಗೊಡವೆಯಿಲ್ಲದೆ.

◆ ಕಾವೇರಿಯ ಉಪನದಿ ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಕಡೆ. ಸಕಲೇಶಪುರ ಪಟ್ಟಣವನ್ನು ಸವರಿಕೊಂಡು, ಆಲೂರು ಸೀಮೆ ದಾಟಿ, ಗೊರೂರಿನ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. 1979ರಲ್ಲಿ ಮುಗಿದ ಈ ಅಣೆಕಟ್ಟಿನ ಹೊಟ್ಟೆ 37 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಹಿನ್ನೀರು ನುಂಗಿದ್ದರಲ್ಲಿ ಶೆಟ್ಟಿಹಳ್ಳಿಯ ಇಗರ್ಜಿಯೂ ಒಂದು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ್ದು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬುಡಸಮೇತ ಎದ್ದು ನಿಲ್ಲುತ್ತದೆ.

◆ ಈ ನೀರಿಗೆ ಮೊದಲ ಕರಾರು ಆಗಿದ್ದು 1892ರ ಫೆಬ್ರವರಿ 18ರಂದು, ಮೈಸೂರು ಸಂಸ್ಥಾನ ಮತ್ತು ಮದರಾಸು ಪ್ರಾಂತ್ಯದ ನಡುವೆ. 15 ನದಿಗಳ ಪಟ್ಟಿ ಮಾಡಿ, ಮದರಾಸು ಒಪ್ಪದೆ ಮೈಸೂರು ಇವುಗಳ ಮೇಲೆ ಹೊಸ ಜಲಾಶಯ ಕಟ್ಟುವಂತಿಲ್ಲ ಎಂದು ಬರೆದರು. ಪಟ್ಟಿಯಲ್ಲಿ ಹೇಮಾವತಿ ಇದ್ದಳು. ಅಷ್ಟೇ ಅಲ್ಲ, ನಮ್ಮ ಯಗಚಿಯೂ ಇದ್ದಳು, ‘ಬೇಲೂರು ಸೇತುವೆವರೆಗೆ’ ಎಂಬ ಷರಾದೊಂದಿಗೆ! ಎಲ್ಲೋ ಮದರಾಸಿನ ಕಚೇರಿಯಲ್ಲಿ ಕೂತವರಿಗೆ ಬೇಲೂರಿನ ಸೇತುವೆ ಲೆಕ್ಕಕ್ಕೆ ಬಂದಿತ್ತು ನೋಡಿ.

◆ ಎರಡನೇ ಒಪ್ಪಂದ 1924ರಲ್ಲಿ. ತಾರೀಖು? ಮತ್ತೆ ಫೆಬ್ರವರಿ 18. ಇದರ ಕೆಲವು ಕಲಮುಗಳನ್ನು 50 ವರ್ಷದ ನಂತರ ಕೂತು ಮರುಪರಿಶೀಲಿಸಬೇಕಿತ್ತು. 1974 ಬಂತು, ಕೂತು ಮಾತಾಡಿದರೂ ಒಮ್ಮತ ಮಾತ್ರ ಆಗಲಿಲ್ಲ. ಆ ಗಲಾಟೆಯ ನಡುವೆಯೇ ಹೇಮಾವತಿ, ಕಬಿನಿ, ಹಾರಂಗಿ ಅಣೆಕಟ್ಟುಗಳು ಎದ್ದವು, ತಮಿಳುನಾಡಿನ ಒಪ್ಪಿಗೆಯಿಲ್ಲದೆ. ಕಾವೇರಿ ನ್ಯಾಯಮಂಡಳಿ ಬಂದದ್ದು 1990ರ ಜೂನ್ 2ಕ್ಕೆ, ಅದರ ಅಂತಿಮ ತೀರ್ಪು 2007ರ ಫೆಬ್ರವರಿ 5ಕ್ಕೆ, ಸುಪ್ರೀಂ ಕೋರ್ಟಿನ ಮಾತು 2018ರ ಫೆಬ್ರವರಿ 16ಕ್ಕೆ. ಕಾವೇರಿಗೂ ಫೆಬ್ರವರಿಗೂ ಅದೇನು ಋಣವೋ.

◆ 2018ರ ಲೆಕ್ಕ ಹೀಗಿದೆ: ತಮಿಳುನಾಡಿಗೆ 404.25 ಟಿಎಂಸಿ, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಒಟ್ಟು 740 ಎಂದು ಇಟ್ಟುಕೊಂಡಿದ್ದಾರಲ್ಲ, ಕೂಡಿ ನೋಡಿ, 14 ಕಮ್ಮಿ ಬರುತ್ತದೆ. ಅದರಲ್ಲಿ 4 ಟಿಎಂಸಿ ಹೇಗೂ ಸಮುದ್ರಕ್ಕೆ ಹರಿದು ಹೋಗುವುದೆಂದು ಬಿಟ್ಟದ್ದು. ಉಳಿದ 10 ಪರಿಸರಕ್ಕೆ, ಎಂದರೆ ಹೊಳೆಯ ಸ್ವಂತಕ್ಕೆ. ಆಸ್ತಿ ಪಾಲಾಗುವಾಗ ಅಜ್ಜಿಯ ಜೀವನಾಂಶಕ್ಕೆ ಅಂತ ಒಂದು ತುಂಡು ಗದ್ದೆ ತೆಗೆದಿಡುತ್ತಾರಲ್ಲ, ಹಾಗೆ.

◆ ಗಡಿ ಜಗಳ ರಾಜ್ಯಗಳ ನಡುವೆಯೇ ಆಗಬೇಕೆಂದಿಲ್ಲ. ಗೊರೂರಿನ ನೀರು ನಾಲೆಯಲ್ಲಿ ತುಮಕೂರಿಗೂ ಹೋಗುತ್ತದೆ. ಯಾವ ತಾಲ್ಲೂಕಿಗೆ ಎಷ್ಟು ಎಂಬ ಜಟಾಪಟಿಗೆ ಪ್ರತಿ ವರ್ಷ ಹೊಸ ಅಧ್ಯಾಯ.

◆ ಬೆಟ್ಟದ ಇನ್ನೊಂದು ಮಗ್ಗುಲಿನ ಎತ್ತಿನಹೊಳೆ ಸಹಜವಾಗಿ ಕೆಂಪುಹೊಳೆ, ಗುಂಡ್ಯ, ಕುಮಾರಧಾರಾ ಸೇರಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡುವ ನೀರು. ಈಗ ಅದರಿಂದಲೂ ಅಕ್ಕಪಕ್ಕದ ಹಳ್ಳಗಳಿಂದಲೂ 24 ಟಿಎಂಸಿ ಎತ್ತಿ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ತುಂಬುವ ಯೋಜನೆ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರ ಗೌರಿ ಹಬ್ಬದ ದಿನ ಸಕಲೇಶಪುರ ತಾಲ್ಲೂಕಿನಲ್ಲೇ ಚಾಲನೆ ಸಿಕ್ಕಿತು. ಕರಾವಳಿಯವರ ಕೋಪ, ಬಯಲುಸೀಮೆಯವರ ಬಾಯಾರಿಕೆ, ಎರಡೂ ನಿಜ. ನೀರು ಹುಟ್ಟುವ ಶೋಲೆ ಕಾಡಿನ ಪರ ವಾದ ಮಾಡುವವರು ಮಾತ್ರ ಕಮ್ಮಿ.

◆ ಹಾಗೆ ವಾದಿಸಿದವರೂ ಇದ್ದಾರೆ. 2010ರಲ್ಲಿ ರಚನೆಯಾದ ಮಾಧವ ಗಾಡ್ಗೀಳ್ ಸಮಿತಿ ಗುಂಡ್ಯ ಜಲವಿದ್ಯುತ್ ಯೋಜನೆ ಬೇಡವೆಂದಿತು. ಆ ಕಣಿವೆಯಲ್ಲೊಂದು ಕಪ್ಪೆಯಿದೆ. ವಿಜ್ಞಾನಿಗಳು ಇಟ್ಟ ಹೆಸರು ‘ಇಂಡಿರಾನಾ ಗುಂಡಿಯಾ’. ಊರಿನ ಹೆಸರೇ ಕಪ್ಪೆಗೆ.

◆ ಬಿಸಿಲೆಗೆ ಎದುರಾಗಿ ಕಾಣುವ ಪುಷ್ಪಗಿರಿ ಅಭಯಾರಣ್ಯ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದು. ಆ ಪಟ್ಟಿಯ ತಲಕಾವೇರಿ ಗುಚ್ಛದಲ್ಲಿ ಅದರ ಜೊತೆಗಾರರಲ್ಲಿ ಒಬ್ಬ ಯಾರು ಗೊತ್ತೇ? ಕೇರಳದ ಆರಳಂ. ಎರಡು ರಾಜ್ಯದ ಕಾಡು ಒಂದೇ ಗುಚ್ಛದಲ್ಲಿ.

◆ ಆಲೂರು, ಸಕಲೇಶಪುರದ ಆನೆಗಳಿಗೆ ಹಿನ್ನೀರು ಈಜುಕೊಳ. ಕಾಡು ತುಂಡಾದ ಮೇಲೆ ಅವು ಕಾಫಿ ತೋಟವನ್ನೇ ಮನೆ ಮಾಡಿಕೊಂಡಿವೆ. ಹೈಕೋರ್ಟ್ ನೇಮಿಸಿದ್ದ ಆನೆ ಕಾರ್ಯಪಡೆ 2012ರಲ್ಲಿ, ಇಲ್ಲಿನ ಆನೆಗಳನ್ನು ಹಿಡಿದು ಸಾಗಿಸಿ ಎಂದಿತು. ಹಿಡಿದರು, ಸಾಗಿಸಿದರು. ತೋಟಗಳಲ್ಲಿ ಇಂದಿಗೂ ಆನೆಗಳಿವೆ. ಕಾಡಾನೆ ‘ಭೀಮ’ನ ಹೆಸರು ಕೇಳದ ಕೂಲಿಯಾಳಿಲ್ಲ. ಆನೆಗೆ ತಾಲ್ಲೂಕೂ ಇಲ್ಲ, ರಾಜ್ಯವೂ ಇಲ್ಲ. ಇದು ಸರ್ಕಾರಗಳಿಗೂ ಗೊತ್ತಾಗಿ, ಕರ್ನಾಟಕ ಮತ್ತು ಕೇರಳ 2024ರ ಮಾರ್ಚ್ 10ರಂದು ಬಂಡೀಪುರದಲ್ಲಿ ಕೂತು, ಮನುಷ್ಯ ಮತ್ತು ವನ್ಯಜೀವಿ ಸಂಘರ್ಷಕ್ಕೆ ಒಟ್ಟಾಗಿ ಪರಿಹಾರ ಹುಡುಕುವ ಒಪ್ಪಂದ ಮಾಡಿಕೊಂಡವು. ನೀರಿನ ವಿಷಯದಲ್ಲಿ ಇಷ್ಟು ಸಲೀಸಾಗಿ ಸಹಿ ಬಿದ್ದದ್ದನ್ನು ನಾವಂತೂ ಕಂಡಿಲ್ಲ.

◆ ಸಕಲೇಶಪುರದ ಮಳೆ ಹಕ್ಕಿಗಳಿಗೂ ಸೇರಿದ್ದು. ಹೇಮಾವತಿ ಸೇರುವುದು ಕನ್ನಂಬಾಡಿ ಕಟ್ಟೆಯ ನೀರಿಗೆ. ಅದರ ಕೆಳಗಿನ ರಂಗನತಿಟ್ಟು ಪಕ್ಷಿಧಾಮ 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವಾಯಿತು. ಜೌಗುಭೂಮಿಗಳನ್ನು ಕಾಯುವ 1971ರ ರಾಮ್ಸರ್ ಒಡಂಬಡಿಕೆಯ 5ನೇ ವಿಧಿಯೇ ಹೇಳುತ್ತದೆ: ಹಂಚಿಕೊಂಡ ನೀರಿದ್ದರೆ, ದೇಶಗಳು ಪರಸ್ಪರ ಮಾತಾಡಲೇಬೇಕು. ಆ ಒಡಂಬಡಿಕೆಗೆ ಸಹಿ ಬಿದ್ದದ್ದೂ ಫೆಬ್ರವರಿಯಲ್ಲೇ.

◆ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಹಂಚಿಕೊಂಡ ಕಾನ್‌ಸ್ಟನ್ಸ್ ಸರೋವರದ ದೊಡ್ಡ ಭಾಗದಲ್ಲಿ ಗಡಿ ಎಲ್ಲಿ ಎಂಬುದಕ್ಕೆ ಇವತ್ತಿಗೂ ಮೂವರ ಒಮ್ಮತವಿಲ್ಲ. ಆದರೆ 1959ರಿಂದ ಒಂದೇ ಆಯೋಗದಲ್ಲಿ ಕೂತು ಕೊಳಚೆ ನಿಲ್ಲಿಸಿದರು. ನೀರು ಎಷ್ಟು ಶುದ್ಧವಾಯಿತೆಂದರೆ, ಮೀನಿಗೆ ತಿನ್ನಲು ಸಾಲದಾಯಿತೆಂದು ಬೆಸ್ತರು ಗೊಣಗತೊಡಗಿದರು! 2024ರಿಂದ ಮೂರು ವರ್ಷ ಅಲ್ಲಿನ ಬಿಳಿಮೀನು ಹಿಡಿಯುವಂತಿಲ್ಲ.

◆ ಕೋರ್ಟಿನ ಲೆಕ್ಕ ಟಿಎಂಸಿಯಲ್ಲಿ, ತಮಿಳುನಾಡಿಗೆ ಹರಿಯುವ ನೀರನ್ನು ಗಡಿಯಲ್ಲಿ ಅಳೆಯುವ ಬಿಳಿಗುಂಡ್ಲುವಿನ ಲೆಕ್ಕ ಕ್ಯುಸೆಕ್ಸ್‌ನಲ್ಲಿ, ಸಕಲೇಶಪುರದ ಕಾಫಿ ತೋಟದ ಲೆಕ್ಕ ಸೆಂಟ್ಸ್‌ನಲ್ಲಿ. ನೂರು ಸೆಂಟ್ಸ್‌ಗೆ ಒಂದು ಇಂಚು. ಮಾರ್ಚ್‌ನಲ್ಲಿ ಹೂಮಳೆ ಬಿದ್ದ ಮರುದಿನ ಬೆಳಗಾಗುತ್ತಲೇ ಅಂಗಳದ ಮಳೆಮಾಪಕದ ಮುಂದೆ ಬಗ್ಗಿ ನೋಡಿ, ಫೋನ್ ಎತ್ತಿಕೊಳ್ಳುತ್ತಾರೆ.

“ನಿಮ್ಮಲ್ಲಿ ಎಷ್ಟಾಯ್ತು?”

“ಎಂಬತ್ತು. ನಿಮ್ಮಲ್ಲಿ?”

“ಬರೀ ಹದಿನೈದು. ಹಳ್ಳದ ಆಚೆಗೇ ನಿಂತುಬಿಡ್ತು ಮಾರಾಯ್ರೇ.”