ಪುಟ್ಟ ಲೇತಿಗೆ ತಕ್ಕ ಮೊನೆ

ಕಬ್ಬು ಬೆಳೆಯುವ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆ ಪಂಪಿನ ದಂಡ ಸವೆದರೆ ಲೇತಿನ ನೆರವು ಬೇಕು. ಈ ಕುಶಲತೆಯನ್ನು ಪುಟ್ಟ ಲೇತಿನಲ್ಲಿ ಕಲಿಯಹೊರಟ ವಿದ್ಯಾರ್ಥಿಯು ದೊಡ್ಡ ಕಾರ್ಖಾನೆಗೆ ಒಪ್ಪುವ ಕಾರ್ಬೈಡ್ ಮೊನೆಯನ್ನೇ ಕೊಂಡರೆ ಯಂತ್ರವು ನಡುಗುವುದು. ಮೊನೆಯು ಚಕ್ಕೆಯೆದ್ದು ಹಣ ವ್ಯರ್ಥವಾಗುವುದು. ಇದರ ಕಾರಣವನ್ನು ನೋಡೋಣ.

ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟಿನೊಡನೆ ಒತ್ತಿ, ಸುಮಾರು 1400 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೆಸೆದು ಈ ಮೊನೆಯನ್ನು ತಯಾರಿಸುವರು. 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಸಂಸ್ಥೆಯು ಇದಕ್ಕಿಟ್ಟ 'ವಿಡಿಯಾ' ಎಂಬ ಹೆಸರಿಗೆ 'ವಜ್ರದಂತೆ' ಎಂದರ್ಥ. ಆದರೆ ಇದು ಪೆಡಸು. ಒತ್ತಡವನ್ನು ತಾಳೀತು, ಬಡಿತವನ್ನು ತಾಳದು.

ಮೊನೆಯ ಗುರುತಿನಲ್ಲಿ ಎರಡನೆಯ ಅಕ್ಷರ 'ಎನ್' ಆದರೆ ಅದರ ಪಕ್ಕಗಳು ನೇರ. ಅವು ಲೋಹಕ್ಕೆ ಉಜ್ಜದಂತೆ ಮೊನೆಯನ್ನು ಮುಂದಕ್ಕೆ ಬಾಗಿಸಿ ಕೂಡಿಸಬೇಕು. ಆಗ ಅದು ಲೋಹವನ್ನು ಹೆರೆಯುವುದಕ್ಕಿಂತ ಹೆಚ್ಚಾಗಿ ನೂಕುವುದು. ಆ ಬಲಕ್ಕೆ ಪುಟ್ಟ ಲೇತು ಬಾಗಿ, ಮತ್ತೆ ಚಿಮ್ಮುವುದೇ ನಡುಕ. ಎರಡನೆಯ ಅಕ್ಷರ 'ಸಿ' ಆದರೆ ಪಕ್ಕಗಳು 7 ಡಿಗ್ರಿ ಒಳಸರಿದಿರುವುವು. ಮೊನೆಯು ಹರಿತವಾದ ಕುಡುಗೋಲಿನಂತೆ ಕಡಮೆ ಬಲದಿಂದ ಕೊಯ್ಯುವುದು.

ಆದುದರಿಂದ ನಾವು ಉಕ್ಕಿಗೆ 'ಸಿಸಿಎಂಟಿ 060204' ಆರಿಸೋಣ. ಕೊನೆಯ 04 ಎಂದರೆ ತುದಿಯ ದುಂಡಿನ ತ್ರಿಜ್ಯ 0.4 ಮಿಲಿಮೀಟರ್, ಅದು ಹಿರಿದಾದಷ್ಟೂ ನೂಕುವ ಬಲ ಹೆಚ್ಚು. ಅಲ್ಯುಮಿನಿಯಮಿಗೆ ಸಾಣೆ ಹಿಡಿದ 'ಸಿಸಿಜಿಟಿ' ಮೇಲು. ಮೊನೆಯ ಗಡಸುತನವನ್ನು ಕೇಳುವ ಮುನ್ನ ನಮ್ಮ ಯಂತ್ರದ ಬಲವನ್ನರಿಯುವುದು ಲೇಸು.