ಎರಡು ಲೀಗ್ ಒಂದಾದಾಗ ಯಾರ ಬೋರ್ಡು ಇಳಿಯುತ್ತದೆ?

2020ರ ಏಪ್ರಿಲ್ 1 ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಉಡುಪಿಯಲ್ಲಿ ಹುಟ್ಟಿ ಬೆಳೆದ ಸಿಂಡಿಕೇಟ್ ಬ್ಯಾಂಕ್ ಅಂದು ಕೆನರಾ ಬ್ಯಾಂಕಿನೊಳಗೆ ಸೇರಿತು, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿತು. ಅದಕ್ಕೆ ಒಂದು ವರ್ಷ ಮೊದಲೇ ವಿಜಯಾ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಗಿತ್ತು. ತಿಂಗಳಿಗೊಮ್ಮೆ ಇಲ್ಲಿಂದ ಮನೆಗೆ ಹಣ ಕಳಿಸುವ ನಮ್ಮನ್ನು ಆಗ ಕಾಡಿದ ಪ್ರಶ್ನೆ ಒಂದೇ: ನಮ್ಮೂರಿನ ಶಾಖೆ ಉಳಿಯುತ್ತದೆಯೇ? ಅಮ್ಮ ಹಣ ತೆಗೆಯಲು ಎಷ್ಟು ದೂರ ಹೋಗಬೇಕಾದೀತು?

ಎರಡು ದೊಡ್ಡವರು ಒಂದಾಗುತ್ತಾರೆ ಎಂಬ ಸುದ್ದಿ ಬಂದಾಗಲೆಲ್ಲ ಕೇಳಬೇಕಾದದ್ದು ಇದೇ ಪ್ರಶ್ನೆ. ಕೆಲವು ವರ್ಷಗಳಿಂದ ಅಂಥದ್ದೊಂದು ಸುದ್ದಿ ಗಾಲ್ಫ್ ಲೋಕದಲ್ಲಿ ಓಡಾಡುತ್ತಿದೆ. ಅದರ ಒಂದು ತುದಿ ನಾವು ದುಡಿಯುವ ಈ ಗಲ್ಫ್ ನೆಲದಲ್ಲಿದೆ. ಇನ್ನೊಂದು ತುದಿ ಆಸ್ಟ್ರೇಲಿಯದ ಪರ್ತ್, ಬ್ರಿಸ್ಬೇನ್ ಮತ್ತು ಅಡಿಲೇಡ್ ನಗರಗಳಲ್ಲಿದೆ.

ಗಾಲ್ಫ್ ನಮ್ಮ ಆಟವಲ್ಲ ಎಂದು ಪುಟ ತಿರುವಬೇಡಿ. 1988ರಲ್ಲಿ ದುಬೈನ ಎಮಿರೇಟ್ಸ್ ಗಾಲ್ಫ್ ಕ್ಲಬ್‌ನಲ್ಲಿ ಹುಲ್ಲುಹಾಸು ಬರುವ ಮೊದಲು ಇಲ್ಲಿ ಎಣ್ಣೆ ಬೆರೆಸಿದ ಮರಳಿನ ಮೇಲೆ ಆಡುತ್ತಿದ್ದರು. ಇಂದು ಆ ಹುಲ್ಲಿಗೆ ನೀರು ಹಾಯಿಸುವವರಲ್ಲಿ, ಬಗ್ಗಿ ಓಡಿಸುವವರಲ್ಲಿ, ಕ್ಲಬ್ಬಿನ ಲೆಕ್ಕ ಬರೆಯುವವರಲ್ಲಿ ನಮ್ಮವರೂ ಇದ್ದಾರೆ.

ದಿನಗೂಲಿಯೂ ಕಾಂಟ್ರಾಕ್ಟೂ

ವೃತ್ತಿಪರ ಗಾಲ್ಫ್‌ನಲ್ಲಿ ಬಹುಕಾಲದಿಂದ ಯಜಮಾನಿಕೆ ಅಮೆರಿಕದ ಪಿಜಿಎ ಟೂರ್‌ನದು. ಅಲ್ಲಿ ಆಟಗಾರ ಒಂದರ್ಥದಲ್ಲಿ ದಿನಗೂಲಿಯವನು. ಸಾಮಾನ್ಯವಾಗಿ ನಾಲ್ಕು ದಿನದ ಪಂದ್ಯದಲ್ಲಿ ಎರಡು ದಿನ ಮುಗಿದಾಗ ಹಿಂದೆ ಬಿದ್ದವರನ್ನು ಕೈಬಿಡುತ್ತಾರೆ. ಇದಕ್ಕೆ 'ಕಟ್' ಎನ್ನುತ್ತಾರೆ. ಕಟ್ ತಪ್ಪಿದವನಿಗೆ ಬಹುಮಾನದ ಹಣ ಇಲ್ಲ. ವಿಮಾನ, ಹೋಟೆಲು, ಚೀಲ ಹೊರುವ ಕ್ಯಾಡಿಯ ಕೂಲಿ ಎಲ್ಲ ಅವನ ಕೈಯಿಂದಲೇ.

2022ರ ಜೂನ್‌ನಲ್ಲಿ ಲಿವ್ ಗಾಲ್ಫ್ ಬಂತು. ಹಣ ಸೌದಿ ಅರೇಬಿಯಾದ ಪಬ್ಲಿಕ್ ಇನ್ವೆಸ್ಟ್‌ಮೆಂಟ್ ಫಂಡ್‌ನದು, ಆಗಿನ ಮುಂದಾಳು ಆಸ್ಟ್ರೇಲಿಯದ ಗ್ರೆಗ್ ನಾರ್ಮನ್. ಆಗ ಪಂದ್ಯಕ್ಕೆ 48 ಆಟಗಾರರು, ಮೂರು ದಿನದ ಆಟ, ಕಟ್ ಇರಲಿಲ್ಲ. ಒಂದು ಪಂದ್ಯದ ಒಟ್ಟು ಬಹುಮಾನ 2.5 ಕೋಟಿ ಡಾಲರ್ ಇತ್ತು, ಗೆದ್ದವನಿಗೆ 40 ಲಕ್ಷ ಡಾಲರ್. ಆರಂಭದ ದಿನಗಳಲ್ಲಿ ಕೊನೆಯ ಸ್ಥಾನದವನಿಗೂ 1.2 ಲಕ್ಷ ಡಾಲರ್ ಸಿಗುತ್ತಿತ್ತು. ಹೆಸರಾಂತ ಆಟಗಾರರಿಗೆ ಇದಲ್ಲದೆ ದೊಡ್ಡ ಮೊತ್ತದ ಕಾಂಟ್ರಾಕ್ಟ್. ಅಲ್ಲಿಗೆ ಹೋಗಿ ಆಡಿದವರನ್ನು ಪಿಜಿಎ ಟೂರ್ ತನ್ನ ಪಂದ್ಯಗಳಿಂದ ಹೊರಗಿಟ್ಟಿತು. ಕಂಪನಿ ಬಿಟ್ಟರೆ ಬ್ಯಾನ್ ಎಂದರೆ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

2022ರ ಮಾರ್ಚ್‌ನಲ್ಲಿ ಫ್ಲೋರಿಡಾದ ಪ್ಲೇಯರ್ಸ್ ಚಾಂಪಿಯನ್‌ಷಿಪ್ ಗೆದ್ದವನು ಬ್ರಿಸ್ಬೇನ್‌ನ ಕ್ಯಾಮರಾನ್ ಸ್ಮಿತ್. ಒಂದೇ ಹೊಡೆತದ ಅಂತರದಲ್ಲಿ ಎರಡನೆಯವನಾದವನು ಬೆಂಗಳೂರಿನಲ್ಲಿ ನೆಲೆಸಿ ಆಟ ಪಳಗಿಸಿಕೊಂಡ ಅನಿರ್ಬನ್ ಲಾಹಿರಿ. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಇಬ್ಬರೂ ಲಿವ್ ಸೇರಿದರು. ಸ್ಮಿತ್ ಅಷ್ಟರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ 150ನೇ ಓಪನ್ ಕೂಡ ಗೆದ್ದಿದ್ದ. ಪರ್ತ್‌ನ ಮಿನ್ ವೂ ಲೀ ಪಿಜಿಎ ಟೂರ್ ಹಾದಿ ಹಿಡಿದು 2025ರಲ್ಲಿ ಹ್ಯೂಸ್ಟನ್ ಓಪನ್ ಗೆದ್ದ. ಒಂದೇ ದೇಶದ ಇಬ್ಬರು, ಎರಡು ಪಾಳೆಯ.

ಆದರೂ ತವರಿನ ಅಂಗಳದಲ್ಲಿ ಗೋಡೆ ಅಷ್ಟು ಎತ್ತರ ಇರಲಿಲ್ಲ. ಬ್ರಿಸ್ಬೇನ್‌ನ ರಾಯಲ್ ಕ್ವೀನ್ಸ್‌ಲ್ಯಾಂಡ್ ಕ್ಲಬ್‌ನಲ್ಲಿ ನಡೆದ ಆಸ್ಟ್ರೇಲಿಯನ್ ಪಿಜಿಎ ಚಾಂಪಿಯನ್‌ಷಿಪ್ ಅನ್ನು 2022ರಲ್ಲಿ ಗೆದ್ದವನು ಲಿವ್ ಸೇರಿದ್ದ ಸ್ಮಿತ್, 2023ರಲ್ಲಿ ಗೆದ್ದವನು ಲೀ.

ಅಡಿಲೇಡ್‌ಗೆ ಬಂದ ಅದೃಷ್ಟ

ಜಗಳದಿಂದ ಲಾಭವಾಯಿತೇ? ಆಯಿತು. 2023ರ ಏಪ್ರಿಲ್‌ನಲ್ಲಿ ಲಿವ್ ತನ್ನ ಆಸ್ಟ್ರೇಲಿಯದ ಪಂದ್ಯವನ್ನು ಅಡಿಲೇಡ್‌ನ ಗ್ರೇಂಜ್ ಗಾಲ್ಫ್ ಕ್ಲಬ್‌ನಲ್ಲಿ ನಡೆಸಿತು. ಸಿಡ್ನಿ, ಮೆಲ್ಬರ್ನ್‌ಗಳ ನೆರಳಿನಲ್ಲಿದ್ದ ಊರು ಅದು. ಮೊದಲ ವರ್ಷ ಸುಮಾರು 77 ಸಾವಿರ ಜನ ಬಂದರೆ, 2025ರಲ್ಲಿ ಸಂಖ್ಯೆ ಒಂದು ಲಕ್ಷ ದಾಟಿತು. 2028ರಿಂದ ನಾರ್ತ್ ಅಡಿಲೇಡ್‌ನ ಸಾರ್ವಜನಿಕ ಗಾಲ್ಫ್ ಮೈದಾನವನ್ನು ಹೊಸದಾಗಿ ರೂಪಿಸಿ, 2031ರವರೆಗೂ ಪಂದ್ಯ ನಡೆಸುವುದಾಗಿ 2025ರಲ್ಲಿ ಪ್ರಕಟಿಸಿದರು.

ಪಿಜಿಎ ಟೂರ್ ಕೂಡ ಸುಮ್ಮನೆ ಕೂರಲಿಲ್ಲ. ಕೆಲವು ಪಂದ್ಯಗಳ ಬಹುಮಾನವನ್ನು 2 ಕೋಟಿ ಡಾಲರಿಗೆ ಏರಿಸಿತು. ಪೂರ್ಣ ಅರ್ಹತೆ ಪಡೆದ ಸದಸ್ಯರಿಗೆ ವರ್ಷಕ್ಕೆ ಕನಿಷ್ಠ 5 ಲಕ್ಷ ಡಾಲರ್ ಗಳಿಕೆಯ ಭರವಸೆ ಕೊಟ್ಟಿತು. ಪಕ್ಕದಲ್ಲಿ ಇನ್ನೊಂದು ಅಂಗಡಿ ತೆರೆದಾಗ ಮಾತ್ರ ಹಳೆಯ ಅಂಗಡಿಯವನಿಗೆ ಕೆಲಸಗಾರನ ಬೆಲೆ ತಿಳಿಯುತ್ತದೆ. ಆದರೆ ಅದೇ ಟೂರ್, 2026ರಿಂದ ಪೂರ್ಣ ಅರ್ಹತೆಯ ಕಾರ್ಡುಗಳನ್ನು 125ರಿಂದ 100ಕ್ಕೆ ಇಳಿಸಲು ತೀರ್ಮಾನಿಸಿತು. ಮೇಲಿನವರ ತಟ್ಟೆ ತುಂಬಿತು, ಪಂಕ್ತಿಯ ಕೊನೆಯಲ್ಲಿ ಇಪ್ಪತ್ತೈದು ಎಲೆ ಕಡಿಮೆಯಾಯಿತು.

ಈ ನಡುವೆ 2023ರ ಜೂನ್ 6ರಂದು ದಿಢೀರನೆ ಸುದ್ದಿ ಬಂತು: ಪಿಜಿಎ ಟೂರ್, ಯುರೋಪಿನ ಡಿಪಿ ವರ್ಲ್ಡ್ ಟೂರ್ ಮತ್ತು ಸೌದಿ ಫಂಡ್ ಕೈಕುಲುಕಲಿವೆ. ಹಿಂದಿನ ದಿನದವರೆಗೆ ಬದ್ಧವೈರಿಗಳು! ಅನೇಕ ಆಟಗಾರರಿಗೇ ವಿಷಯ ತಿಳಿದದ್ದು ಮೊಬೈಲಿನಲ್ಲಿ. ದೊಡ್ಡ ಕಾಂಟ್ರಾಕ್ಟ್ ಬೇಡವೆಂದು ನಿಷ್ಠೆಯಿಂದ ಉಳಿದವರು ಪೆಚ್ಚಾದರು. ಆ ವರ್ಷದ ಡಿಸೆಂಬರ್ 31ರ ಗಡುವು ದಾಟಿತು. 2025ರ ಫೆಬ್ರವರಿಯಲ್ಲಿ ಮಾತುಕತೆ ವೈಟ್‌ಹೌಸ್‌ವರೆಗೂ ಹೋಯಿತು. ಅಡಿಲೇಡ್‌ನಲ್ಲಿ ಹುಟ್ಟಿದ ಆಡಮ್ ಸ್ಕಾಟ್ ಕೂಡ ಆಟಗಾರರ ಪರವಾಗಿ ಆ ಮಾತುಕತೆಯಲ್ಲಿದ್ದ. ಆದರೂ 2025 ಮುಗಿಯುವವರೆಗೆ ಅಂತಿಮ ಸಹಿ ಬೀಳಲಿಲ್ಲ.

ಮೂರು ಊರುಗಳ ಹಳೆಯ ಪಾಠ

ಸಹಿ ಬಿದ್ದರೆ ಏನಾದೀತು? ಉತ್ತರ ಇದೇ ಮೂರು ಊರುಗಳ ನೆನಪಿನಲ್ಲಿದೆ. 1995ರಲ್ಲಿ ಆಸ್ಟ್ರೇಲಿಯದ ರಗ್ಬಿ ಲೀಗ್ ಎರಡಾಗಿ ಸೀಳಿತು. ಒಂದು ಕಡೆ ಹಳೆಯ ಎಆರ್‌ಎಲ್, ಇನ್ನೊಂದು ಕಡೆ ರೂಪರ್ಟ್ ಮರ್ಡೋಕ್‌ರ ನ್ಯೂಸ್ ಲಿಮಿಟೆಡ್ ಕಟ್ಟಿದ ಸೂಪರ್ ಲೀಗ್. 1977ರಲ್ಲಿ ಕ್ರಿಕೆಟ್ ಮಂಡಳಿಯ ವಿರುದ್ಧ ಬಂಡೆದ್ದಿದ್ದ ಕೆರ್ರಿ ಪ್ಯಾಕರ್ ಈ ಸಲ ಹಳೆಯವರ ಬೆನ್ನಿಗೆ ನಿಂತಿದ್ದರು. ಎರಡೂ ಕಡೆಯವರು ಚೆಕ್ ಪುಸ್ತಕ ಹಿಡಿದು ಆಟಗಾರರ ಮನೆ ಬಾಗಿಲು ತಟ್ಟಿದರು, ಸಂಬಳಗಳು ಜಿಗಿದವು. ಕೋರ್ಟು ಕಚೇರಿ ಮುಗಿದು, 1997ರಲ್ಲಿ ಒಂದೇ ದೇಶದಲ್ಲಿ ಎರಡು ಲೀಗ್ ನಡೆದವು.

ಸೂಪರ್ ಲೀಗ್ ಕಪ್ ಗೆದ್ದದ್ದು ಬ್ರಿಸ್ಬೇನ್ ಬ್ರಾಂಕೋಸ್. ಪರ್ತ್‌ನಲ್ಲಿ ರೆಡ್ಸ್ ತಂಡವಿತ್ತು. ಅಡಿಲೇಡ್‌ನಲ್ಲಿ ಹೊಸದಾಗಿ ರ‍್ಯಾಮ್ಸ್ ತಂಡ ಹುಟ್ಟಿತ್ತು. ಅದರ ಮೊದಲ ತವರು ಪಂದ್ಯಕ್ಕೆ 27 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆ ಡಿಸೆಂಬರ್‌ನಲ್ಲಿ ರಾಜಿಯಾಗಿ 1998ಕ್ಕೆ ಎನ್‌ಆರ್‌ಎಲ್ ಎಂಬ ಒಂದೇ ಲೀಗ್ ಬಂತು. ಷರತ್ತು: 20 ತಂಡಗಳು 2000ದ ಹೊತ್ತಿಗೆ 14 ಆಗಬೇಕು.

ಪರ್ತ್ ರೆಡ್ಸ್ 1997ರ ಕೊನೆಗೇ ಮುಚ್ಚಿತು. ಬ್ರಿಸ್ಬೇನ್‌ನ ಎರಡನೇ ತಂಡ ಸೌತ್ ಕ್ವೀನ್ಸ್‌ಲ್ಯಾಂಡ್ ಕ್ರಷರ್ಸ್ ಕೂಡ. ಅಡಿಲೇಡ್ ರ‍್ಯಾಮ್ಸ್ 1998ರ ಋತು ಆಡಿ ಮುಗಿಯಿತು. ಅಡಿಲೇಡ್‌ನ ಪತ್ರಿಕೆಯೊಂದರಿಂದಲೇ ಬೆಳೆದ ಮರ್ಡೋಕ್‌ ಸಾಮ್ರಾಜ್ಯಕ್ಕೂ ಆ ಊರಿನ ತಂಡ ಭಾರವಾಯಿತು. ಉಳಿದದ್ದು ಬಲಿಷ್ಠ ಬ್ರಾಂಕೋಸ್. ಪರ್ತ್‌ಗೆ ಮತ್ತೆ ಒಂದು ತಂಡ, ಪರ್ತ್ ಬೇರ್ಸ್, 2027ರಲ್ಲಿ ಬರಲಿದೆ ಎಂಬ ಘೋಷಣೆಯಾದದ್ದು 2025ರಲ್ಲಿ. ನಡುವೆ ಸುಮಾರು ಮೂವತ್ತು ವರ್ಷ. ಅಂದು ಅಪ್ಪನ ಹೆಗಲ ಮೇಲೆ ಕೂತು ಆಟ ನೋಡಿದ ಮಗುವಿಗೆ ಈಗ ಮಕ್ಕಳಿರಬಹುದು.

ಎರಡು ಕೋಣಗಳ ಕಾಳಗದಲ್ಲಿ ಗಿಡಕ್ಕೆ ಕೇಡು ಎನ್ನುತ್ತಾರೆ. ಇಲ್ಲಿ ಕಾಳಗದಲ್ಲಿ ಗಿಡಕ್ಕೆ ನೀರು ಬಿತ್ತು, ಕೋಣಗಳು ರಾಜಿಯಾದ ಮೇಲೆ ಒಣಗಿತು. ಇಂದು ಅಡಿಲೇಡ್‌ನ ಗಾಲ್ಫ್ ಪ್ರಿಯರು ವಿಲೀನದ ಮಾತು ಕೇಳಿದಾಗ ತಮ್ಮ ಪಂದ್ಯದ ಗತಿ ಏನೆಂದು ಕೇಳಿದರೆ ಅದು ಅತಿ ಅನುಮಾನವೇನಲ್ಲ.

ನಮ್ಮ ಮನೆಯ ಮಾತು

ಹಾಗೆಂದು ಒಂದಾಗುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಎರಡು ಲೀಗ್ ನಡೆಸುವ ಖರ್ಚು ಯಾರೂ ಬಹುಕಾಲ ಹೊರಲಾರರು. ನಮ್ಮ ಕಂಪನಿಗಳು ಒಂದಾದಾಗಲೂ ಕೇಳಬೇಕಾದದ್ದನ್ನು ಸಹಿ ಬೀಳುವ ಮೊದಲೇ ಕೇಳಬೇಕು: ಹಳೆಯ ಸರ್ವೀಸ್ ಲೆಕ್ಕಕ್ಕೆ ಬರುತ್ತದೆಯೇ, ಗ್ರಾಚ್ಯುಟಿ ಯಾರು ಕೊಡುತ್ತಾರೆ, ವೀಸಾ ಯಾರ ಹೆಸರಿಗೆ ಹೋಗುತ್ತದೆ? ಬಾಯಿಮಾತಿನ ಭರವಸೆ ಸಾಲದು, ಕಾಗದದ ಮೇಲಿರಬೇಕು.

ಗಲ್ಫ್‌ನ ಒಂದೇ ನಗರದಲ್ಲಿ ಎರಡು ಕನ್ನಡ ಸಂಘ, ನವೆಂಬರ್‌ನ ಒಂದೇ ವಾರಾಂತ್ಯದಲ್ಲಿ ಎರಡು ರಾಜ್ಯೋತ್ಸವ ನಾವೆಲ್ಲ ಕಂಡದ್ದೇ. ಪೈಪೋಟಿಯಿಂದ ನಾಟಕ ಚೆನ್ನಾಗಿ ಆಗುತ್ತದೆ, ರಕ್ತದಾನ ಶಿಬಿರ ಎರಡು ನಡೆಯುತ್ತವೆ. 'ಇನ್ನು ಸಾಕು, ಒಂದಾಗೋಣ' ಎಂದು ಹಿರಿಯರು ವೇದಿಕೆಯಲ್ಲಿ ಹೇಳಿದಾಗ ನಾವೂ ಚಪ್ಪಾಳೆ ತಟ್ಟುತ್ತೇವೆ. ಅಧ್ಯಕ್ಷರು ಯಾರೆಂಬುದು ಹೇಗೋ ಬಗೆಹರಿಯುತ್ತದೆ. ಆದರೆ ಹದಿನೈದು ಮಕ್ಕಳ ಕನ್ನಡ ತರಗತಿಯನ್ನು ಮುಂದೆ ಯಾರು ನಡೆಸುತ್ತಾರೆ? ಲೇಬರ್ ಕ್ಯಾಂಪಿಗೆ ಇಫ್ತಾರ್ ಪೊಟ್ಟಣ ಒಯ್ಯುವ ಹುಡುಗರ ಗುಂಪು ಉಳಿಯುತ್ತದೆಯೇ? ಕೆಲಸ ಕಳೆದುಕೊಂಡವನಿಗೆ ಟಿಕೆಟ್ ಕೊಡಿಸುವ ಸಣ್ಣ ನಿಧಿಯ ಬೀಗದ ಕೈ ಯಾರ ಬಳಿ ಇರುತ್ತದೆ?

ಒಂದಾಗುವ ಸಂಘಗಳ ಠರಾವಿನಲ್ಲಿ ಈ ಮೂರು ಸಾಲು ಮೊದಲು ಬರೆಯೋಣ. ಹೊಸ ಹೆಸರನ್ನು ಆಮೇಲೆ ಇಟ್ಟರಾಯಿತು.